ಜಿಗಟರ ರಾಣಿ

"ನಿಲ್ಲಿ, ನಿಲ್ಲಿ. ನಂದೊಂದು ಪ್ರಶ್ನೆ ಇದೆ," ಎಂದು ಲಾಯರ್ ಪುಟದ ಮೇಲೆ ಬೆರಳಿಟ್ಟಳು.

"ಅಯ್ಯೋ, ಶುರುವಾಯ್ತು!" ಎಂದು ಗುಬ್ಬಿ ನರಳಿದಳು.

ಊಟದ ಬೆಲ್ ಹೊಡೆದು ಹತ್ತು ನಿಮಿಷವಾಗಿತ್ತು. ಶಾಲೆಯ ಮೆಟ್ಟಿಲಿನ ಕೆಳಗೆ ಆರು ತಲೆಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಕಾಮಿಕ್ಸ್ ಮೇಲೆ ಬಾಗಿದ್ದವು. 'ಆಕಾಶಪಡೆ'ಯ ಹದಿನಾಲ್ಕನೇ ಸಂಚಿಕೆ. ಗುಬ್ಬಿ ಅದನ್ನು ಬೆಳಿಗ್ಗೆಯಷ್ಟೇ ಅಂಗಡಿಯಿಂದ ತಂದಿದ್ದಳು. ಪುಟ ತಿರುವಿದರೆ ಇನ್ನೂ ಇಂಕಿನ ವಾಸನೆ ಬರುತ್ತಿತ್ತು.

ಈ ಸಂಚಿಕೆಯಲ್ಲಿ ಭಯಂಕರ ಯುದ್ಧ. ಮೂರು ನಕ್ಷತ್ರಮಂಡಲ ದಾಟಿ ಜಿಗಟರು ಎಂಬ ಹುಳುಗಳು ಬಂದಿಳಿದಿದ್ದವು. ಜಿಗಟ ಯಾರ ಕತ್ತಿನ ಹಿಂದೆ ಅಂಟಿಕೊಂಡಿತೋ ಅವರ ಕತೆ ಮುಗಿಯಿತು. ಅದು ಅವರ ಯೋಚನೆಗಳನ್ನೆಲ್ಲ ಹೀರಿ, ತನಗೆ ಬೇಕಾದ ಹಾಗೆ ಕುಣಿಸುತ್ತದೆ. ಆಕಾಶಪಡೆಯ ಐವರಲ್ಲಿ ಮೂವರು ಆಗಲೇ ಜಿಗಟರ ಕೈಗೊಂಬೆಗಳು. ಉಳಿದವರು ಇಬ್ಬರೇ. ಕ್ಯಾಪ್ಟನ್ ಧೂಮಕೇತು ಮತ್ತು ಅಯಸ್ಕಾಂತಿ.

"ಈ ಧೂಮಕೇತು ಹೋದ ಸಂಚಿಕೇಲಿ ಏನ್ ಮಾಡ್ದ? ಚಂದ್ರನ್ನ ಎತ್ತಿ ಎಸ್ದ. ಹೌದಾ, ಅಲ್ವಾ?" ಎಂದು ಲಾಯರ್ ಕೇಳಿದಳು.

"ಹೌದು."

"ಚಂದ್ರನ್ನೇ ಎತ್ತಿ ಎಸೆಯೋನಿಗೆ ಫ್ರೆಂಡ್ ಕತ್ತಿನ ಮೇಲಿರೋ ಒಂದು ಹುಳ ಕಿತ್ತು ಹಾಕೋಕಾಗಲ್ವಾ? ಉಗುರಿಲ್ವಾ ಇವನಿಗೆ?"

ಮೈಕು ಕಿಸಕ್ಕೆಂದ. ಅವನು ಪಿಸುಗುಟ್ಟಿದರೂ ಪಕ್ಕದ ಕ್ಲಾಸಿಗೆ ಕೇಳಿಸುತ್ತಿತ್ತು, ಅದಕ್ಕೇ ಮೈಕು. ಅವನು ನಕ್ಕ ಮೇಲೆ ಉಳಿದವರೂ ನಕ್ಕರು.

ಲಾಯರಿಗೆ ಇನ್ನಷ್ಟು ಹುರುಪು ಬಂತು. "ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ ಅಂತ ಟೀಚರ್ ಹೇಳಿಲ್ವಾ? ಮತ್ತೆ ಇವನ ಶಾಲು ಯಾವ ಫ್ಯಾನಿನ ಗಾಳಿಗೆ ಪಟಪಟ ಅಂತಿದೆ? ಇನ್ನು ಈ ಹುಳುಗಳು! ಅಷ್ಟು ದೂರದಿಂದ ಬಂದು ನಮ್ಮ ಭಾಷೇನೇ ಮಾತಾಡ್ತಿವೆ. ಅದೂ ನಮ್ಮ ಮೈಕುಗಿಂತ ಶುದ್ಧವಾಗಿ!"

ಈಗಂತೂ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಬ್ಬಿಯೊಬ್ಬಳ ಮುಖ ಸಪ್ಪಗಾಯಿತು. ಅವಳಿಗೆ ಕಾಮಿಕ್ಸ್ ಎಂದರೆ ಪ್ರಾಣ. ಲಾಯರಿಗೆ ಅದರಲ್ಲಿ ತಪ್ಪು ಹುಡುಕುವುದೆಂದರೆ ಪ್ರಾಣ. ಹನ್ನೊಂದು ವರ್ಷದ ಆ ಹುಡುಗಿ ಶಾಲೆಯ ಟೈಮ್‌ಟೇಬಲಿನಿಂದ ಹಿಡಿದು ಬಿಸ್ಕತ್ತಿನ ಪೊಟ್ಟಣದವರೆಗೆ ಎಲ್ಲದರಲ್ಲೂ ತಪ್ಪು ಹುಡುಕಿದ್ದಳು. ಇಡೀ ಶಾಲೆಯಲ್ಲಿ ಅವಳ ಜೊತೆ ವಾದಕ್ಕಿಳಿದು ಗೆದ್ದವರಿರಲಿಲ್ಲ, ಲಾಯರ್ ಎಂಬ ಹೆಸರು ಬಂದದ್ದೂ ಹಾಗೇ.

"ಅವನು ಕೀಳಬಹುದು," ಎಂದು ಮೇಲಿನಿಂದ ಒಂದು ದನಿ ಬಂತು. "ಆದ್ರೆ ಕಿತ್ರೆ ಫ್ರೆಂಡೂ ಸಾಯ್ತಾನೆ. ಹನ್ನೊಂದನೇ ಸಂಚಿಕೇಲೇ ಹೇಳಿದ್ದಾರಲ್ಲ."

ಎಲ್ಲರೂ ತಲೆ ಎತ್ತಿದರು. ಮೂರು ಮೆಟ್ಟಿಲು ಮೇಲೆ, ಕಂಬಿಗಳ ನಡುವೆ ಮುಖ ತೂರಿಸಿಕೊಂಡು ಹೊಸಬಳು ಕೂತಿದ್ದಳು. ಮಡಿಲಲ್ಲಿ ಊಟದ ಡಬ್ಬಿ. ಶಾಲೆಗೆ ಸೇರಿ ಒಂದು ತಿಂಗಳಾಗಿದ್ದರೂ ಅವಳಿನ್ನೂ ಹೊಸಬಳೇ. ಅವಳ ಪಠ್ಯಪುಸ್ತಕಗಳು ಬಂದಿರಲಿಲ್ಲ. ಅದಕ್ಕೆ ಟೀಚರ್ ಅವಳನ್ನು ಲಾಯರ್ ಪಕ್ಕ ಕೂರಿಸಿದ್ದರು. ಒಂದೇ ಪುಸ್ತಕದ ಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ಓದುತ್ತಿದ್ದರು.

"ಹೌದು ಹೌದು! ಹನ್ನೊಂದರಲ್ಲಿ ಇದೆ!" ಎಂದು ಗುಬ್ಬಿ ಕುಣಿದಳು. "ಲಾಯರ್, ನೀನು ಹನ್ನೊಂದನೇದು ಓದೇ ಇಲ್ಲ!"

"ಲಾಯರ್ ಔಟ್!" ಎಂದು ಮೈಕು ಕೂಗಿದ. ಅಂಗಳದ ಆ ತುದಿಯಲ್ಲಿ ಆಡುತ್ತಿದ್ದವರೂ ತಿರುಗಿ ನೋಡಿದರು.

ಲಾಯರಿನ ಕಿವಿ ಬಿಸಿಯಾಯಿತು. ಹೊಸಬಳು ನಗುತ್ತಲೂ ಇರಲಿಲ್ಲ. ಸುಮ್ಮನೆ ಇದ್ದದ್ದನ್ನು ಹೇಳಿ, ಎಡಗೈಯಿಂದ ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದಳು.

"ಅವಳಿಗೆ ಗೊತ್ತಿರ್ದೆ ಇನ್ನೇನು?" ಎಂದಳು ಲಾಯರ್. "ತಲೇಲೇ ಸಾಕ್ಕೊಂಡಿದ್ದಾಳಲ್ಲ, ಜಿಗಟರನ್ನ! ನೋಡಿ, ಹೇಗೆ ಕೆರ್ಕೋತಿದ್ದಾಳೆ."

ಅದು ಬರೀ ಮಾತು. ಸೋತ ಸಿಟ್ಟಿಗೆ ಬಾಯಿಂದ ಜಾರಿದ್ದು. ಆದರೆ ಮೈಕು ಎರಡೆರಡು ಮೆಟ್ಟಿಲು ಹಾರಿ ಹೋಗಿ ಹೊಸಬಳ ತಲೆಯ ಮೇಲೆ ಬಗ್ಗಿದ.

"ಏಯ್, ನಿಜವಾಗ್ಲೂ ಇದೆ ಕಣ್ರೋ! ಓಡ್ತಿದೆ! ಹೇನು!"

ಹೊಸಬಳ ಕೈ ಕಿವಿಯ ಹಿಂದೆಯೇ ನಿಂತುಬಿಟ್ಟಿತು.

*

ಕೊನೆಯ ಬೆಲ್ ಹೊಡೆಯುವ ಹೊತ್ತಿಗೆ ಅವಳಿಗೆ ಹೊಸ ಹೆಸರು ಬಂದಿತ್ತು. ಜಿಗಟರ ರಾಣಿ.

ಮರುದಿನ ಅದೊಂದು ಆಟವೇ ಆಯಿತು. ಹೊಸಬಳು ಬಾಗಿಲಿಗೆ ಬಂದರೆ ಎಲ್ಲರೂ ಎದೆಯ ಮೇಲೆ ಎರಡೂ ಕೈ ಕತ್ತರಿ ಹಾಕಿ "ಕವಚ!" ಎಂದು ಕೂಗಬೇಕು. ಅವಳ ಬ್ಯಾಗು ಯಾರಿಗಾದರೂ ತಾಗಿದರೆ ಅವರು ನಲ್ಲಿಯವರೆಗೆ ಓಡಿ ಕೈ ತೊಳೆಯಬೇಕು. ಮೈಕು ಕ್ಯಾಪ್ಟನ್ ಧೂಮಕೇತು. ಇಡೀ ಕ್ಲಾಸೇ ಆಕಾಶಪಡೆ.

ಲಾಯರ್ ಕೂಗಲಿಲ್ಲ, ಓಡಲೂ ಇಲ್ಲ. ಅದೆಲ್ಲ ದಡ್ಡರ ಕೆಲಸ. ಅವಳು ಸದ್ದಿಲ್ಲದೆ ಬ್ಯಾಗು ಎತ್ತಿಕೊಂಡು ಹೋಗಿ ಗುಬ್ಬಿಯ ಪಕ್ಕ ಕೂತಳು. ಪಠ್ಯಪುಸ್ತಕವೂ ಅವಳ ಜೊತೆಗೇ ಹೋಯಿತು.

ಮೈಕು ಆಟದ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

"'ಆರು ಅಡ್ಡಿ ದೂರ' ಅಂತೆ! ಅಡ್ಡಿ ಅಲ್ಲ ಮಾರಾಯ, ಅಡಿ. ಮತ್ತೆ ಮೂರನೇ ನಿಯಮಕ್ಕೂ ಐದನೇದಕ್ಕೂ ತಾಳಮೇಳವೇ ಇಲ್ಲ. ಕೊಡು ಇಲ್ಲಿ."

ಐದು ನಿಮಿಷದಲ್ಲಿ ಎಲ್ಲವನ್ನೂ ತಿದ್ದಿ, ನಂಬರ್ ಹಾಕಿ, ಕೆಳಗೊಂದು ಗೆರೆ ಎಳೆದು ಕೊಟ್ಟಳು. ಆಟ ದಡ್ಡರದ್ದೇ. ಹಾಗಂತ ಕಾಗುಣಿತವೂ ದಡ್ಡರದ್ದೇ ಇರಬೇಕೇ? ಆ ಹಾಳೆಯನ್ನು ಮೈಕು ಬಾಗಿಲ ಹಿಂದೆ ಅಂಟಿಸಿದ.

ಹೊಸಬಳು ಅದನ್ನು ಓದಿದಳು. ಅಕ್ಷರ ಯಾರದ್ದು ಎಂದು ಅವಳಿಗೆ ಗೊತ್ತಾಗದೆ ಇರಲು ಸಾಧ್ಯವಿರಲಿಲ್ಲ. ಒಂದು ತಿಂಗಳು ಅದೇ ಅಕ್ಷರದ ಪಕ್ಕ ಕೂತು ಬರೆದಿದ್ದಳು.

*

ಬುಧವಾರ ಟೀಚರ್ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. 'ಮಕ್ಕಳ ತಲೆಯನ್ನು ದಯವಿಟ್ಟು ಪರೀಕ್ಷಿಸಿ' ಎಂದು ಅದರಲ್ಲಿತ್ತು.

ಲಾಯರಿನ ಅಮ್ಮನಿಗೆ ತಲೆ ಪರೀಕ್ಷಿಸುವುದೇ ಕಸುಬು. ಮನೆಯ ಮುಂದಿನ ಕೋಣೆಯಲ್ಲಿ ಅವಳದ್ದೊಂದು ಪಾರ್ಲರ್ ಇತ್ತು. ಎರಡು ತಿರುಗುವ ಕುರ್ಚಿ, ಗೋಡೆಯುದ್ದ ಕನ್ನಡಿ, ತಲೆ ತೊಳೆಯಲು ಒಂದು ಸಿಂಕು, ಬಾಟಲಿಗಳ ಸಾಲು. ಹಿಂದಿನ ಪರದೆ ಸರಿಸಿದರೆ ಅಡುಗೆಮನೆ. ಬೀದಿಯ ಅರ್ಧ ತಲೆಗಳು ಅಮ್ಮನ ಕೈಯಲ್ಲೇ ಬೆಳೆದು, ಅಮ್ಮನ ಕೈಯಲ್ಲೇ ಕತ್ತರಿಸಿಕೊಂಡು, ಅಮ್ಮನ ಕೈಯಲ್ಲೇ ಬಣ್ಣ ಹಚ್ಚಿಸಿಕೊಂಡಿದ್ದವು.

ಅಮ್ಮ ಯಾರದ್ದೋ ಕೂದಲಿಗೆ ಕ್ಲಿಪ್ಪು ಸಿಕ್ಕಿಸುತ್ತಲೇ ಚೀಟಿ ಓದಿದಳು. "ತೋರ್ಸು ನಿನ್ನ ತಲೆ."

"ನನಗೇನಿಲ್ಲ ಅಮ್ಮ. ಪಾರ್ಲರ್ ಮಗಳಿಗೆ ಹೇನಾ? ಕೇಳ್ದೋರು ನಕ್ಕಾರು."

"ನೀನು ನನ್ನ ಹತ್ರ ಜಡೆ ಹಾಕಿಸ್ಕೊಂಡೇ ಎರಡು ತಿಂಗಳಾಯ್ತು."

"ನಾನೀಗ ದೊಡ್ಡವಳು. ನನ್ನ ತಲೆ ನಾನೇ ನೋಡ್ಕೋತೀನಿ."

ಅಷ್ಟರಲ್ಲಿ ಇನ್ನೊಬ್ಬರು ಬಂದರು. ಅಮ್ಮ ಚೀಟಿಯನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿ ಕೆಲಸಕ್ಕೆ ತಿರುಗಿದಳು.

ನಿಜ ಹೇಳಬೇಕೆಂದರೆ ಲಾಯರಿಗೂ ಕೆಲವು ದಿನಗಳಿಂದ ತಲೆ ಕೆರೆಯುತ್ತಿತ್ತು. ಹೊಟ್ಟು ಇರಬೇಕು ಎಂದುಕೊಂಡಿದ್ದಳು. ಆ ಸಂಜೆ ಬಚ್ಚಲಿನ ಚಿಲಕ ಹಾಕಿಕೊಂಡು, ಅಮ್ಮನ ಡ್ರಾಯರಿನಿಂದ ಕದ್ದು ತಂದ ಸೀರಣಿಗೆಯನ್ನು ಬುಡದಿಂದ ತುದಿಯವರೆಗೆ ಎಳೆದಳು. ಒತ್ತೊತ್ತು ಹಲ್ಲಿನ ಆ ಪುಟ್ಟ ಬಾಚಣಿಗೆ ಏನನ್ನೂ ಬಿಟ್ಟುಬರುವುದಿಲ್ಲ. ಬಿಳಿ ಟವೆಲ್ಲಿನ ಮೇಲೆ ಕೊಡವಿದಾಗ ಮೂರು ಬಿದ್ದವು. ಒಂದು ಅಂಗಾತ ಬಿದ್ದು ಕಾಲಾಡಿಸುತ್ತಿತ್ತು.

ಲಾಯರ್ ಬಾಯಿಗೆ ಕೈ ಅಡ್ಡ ಹಿಡಿದಳು.

ಜಡೆಯ ಒಂದು ಎಳೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು. ಬುಡದಿಂದ ಎರಡು ಬೆರಳಗಲ ಕೆಳಗಿನವರೆಗೂ ಬಿಳಿಬಿಳಿ ಸೀರುಗಳು ಸಾಲಾಗಿ ಅಂಟಿಕೊಂಡಿದ್ದವು. ಉಗುರಿನಿಂದ ಎಳೆದರೆ ಜಪ್ಪಯ್ಯ ಎಂದರೂ ಬರಲಿಲ್ಲ. ಮೂರು ಸಲ ಶಾಂಪೂ ಹಾಕಿ ತೊಳೆದಳು. ಹೇನುಗಳಿಗೆ ಚೆನ್ನಾಗಿ ಸ್ನಾನವಾಯಿತು, ಅಷ್ಟೇ.

ಎಲ್ಲಿಂದ ಬಂತು? ಇದಕ್ಕೆ ಹೆಚ್ಚು ಯೋಚಿಸಬೇಕಾದ್ದೇನಿತ್ತು? ಪಕ್ಕದಲ್ಲಿ ಕೂತಿದ್ದವಳು ಯಾರು? ಅವಳ ತಲೆಯಲ್ಲಿ ಓಡುತ್ತಿದ್ದದ್ದನ್ನು ಎಲ್ಲರೂ ನೋಡಿಲ್ಲವೇ? ಕೇಸು ಮುಗಿಯಿತು. ಲಾಯರಿಗೆ ಹೊಸಬಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಅಮ್ಮನಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಮರುದಿನ ಜಡೆಯನ್ನು ಬಿಗಿಯಾಗಿ ಕಟ್ಟಿ, ಕೆರೆತ ತಡೆದುಕೊಂಡು ಕೂತಳು. ಮೈಕು "ಕವಚ!" ಎಂದಾಗ ಈ ಸಲ ಅವಳೂ ಕೈ ಕತ್ತರಿ ಹಾಕಿದಳು. ಹೊಸಬಳು ಎರಡು ಬೆಂಚು ಆಚೆ, ಪುಸ್ತಕವಿಲ್ಲದೆ, ಬೋರ್ಡು ನೋಡುತ್ತ ಕೂತಿದ್ದಳು.

*

ಶನಿವಾರ ಬೆಳಿಗ್ಗೆ ಪಾರ್ಲರಿನಲ್ಲಿ ದಂತವೈದ್ಯೆ ಕೂತಿದ್ದರು. ಬೀದಿಯ ಕೊನೆಯಲ್ಲಿ ಅವರ ಕ್ಲಿನಿಕ್ಕು. ತಿಂಗಳಿಗೊಮ್ಮೆ ತಪ್ಪದೆ ಬರುವ ಗಿರಾಕಿ. ಅಮ್ಮ ಅವರ ತಲೆಗೆಲ್ಲ ಕಂದು ಬಣ್ಣ ಮೆತ್ತಿ ಮುಗಿಸಿದ್ದಳು. ಅದು ಹಿಡಿಯಲು ಇನ್ನೂ ಅರ್ಧ ಗಂಟೆ ಬೇಕಿತ್ತು.

ಲಾಯರ್ ಪರದೆಯ ಹಿಂದೆ, ಅಡುಗೆಮನೆಯ ಮೇಜಿನ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದಳು. ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ಗಂಡಸಿನ ದನಿ ಕೇಳಿಸಿತು.

"ಒಳಗೆ ಬರಬಹುದಾ ಮೇಡಂ? ನನ್ನ ಮಗಳ ಕೂದಲು ಕತ್ತರಿಸ್ಬೇಕಿತ್ತು. ಪೂರ್ತಿ."

ಪರದೆಯ ಸಂದಿಯಿಂದ ನೋಡಿದಳು. ನೀಲಿ ಯೂನಿಫಾರ್ಮ್ ಹಾಕಿದ ಒಬ್ಬರು ನಿಂತಿದ್ದರು, ಹೆಗಲಿಗೆ ಲಿಫ್ಟ್ ರಿಪೇರಿಯ ಸಾಮಾನಿನ ಚೀಲ. ಅವರ ಕೈ ಹಿಡಿದುಕೊಂಡು ಹೊಸಬಳು. ಅವಳ ಜಡೆ ಸೊಂಟದವರೆಗೂ ಇಳಿದಿತ್ತು.



"ಇಷ್ಟು ಚೆಂದದ ಕೂದಲು! ಯಾಕೆ ಸರ್?" ಎಂದಳು ಅಮ್ಮ.

ಅವರು ದನಿ ತಗ್ಗಿಸಿದರು. "ಹೇನಾಗಿದೆ. ಇವಳಮ್ಮ ಬೇರೆ ಊರಲ್ಲಿ ಕೆಲಸದಲ್ಲಿದ್ದಾಳೆ, ತಿಂಗಳಿಗೊಂದು ಸಲ ಬರ್ತಾಳೆ. ಇಪ್ಪತ್ತು ಮಹಡಿಯ ಲಿಫ್ಟ್ ಬೇಕಾದ್ರೆ ಬಿಚ್ಚಿ ಜೋಡಿಸ್ತೀನಿ. ಇದು ನನ್ನ ಕೈಯಲ್ಲಿ ಆಗ್ತಿಲ್ಲ. ಸ್ಕೂಲಲ್ಲಿ ಏನೋ ಆಗಿದೆ. ಏನು ಅಂತ ಹೇಳಲ್ಲ. ಸೋಮವಾರದಿಂದ ಹೋಗೋದೇ ಇಲ್ಲ ಅಂತಾಳೆ. ತಲೆ ಬೋಳಿಸಿದ್ರೆ ಹೋಗ್ತಾಳಂತೆ."

ಹೇನು ಎಂದು ಕಿವಿಗೆ ಬಿದ್ದದ್ದೇ ತಡ, ದಂತವೈದ್ಯೆ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. ಎದ್ದು ಓಡಬೇಕೆಂಬ ಆಸೆ ಮುಖದ ಮೇಲೆ ಬರೆದಂತಿತ್ತು. ಆದರೆ ಬಣ್ಣ ಮೆತ್ತಿದ ತಲೆಯಲ್ಲಿ ಓಡುವುದಾದರೂ ಎಲ್ಲಿಗೆ? ಕುರ್ಚಿಯನ್ನೇ ಆದಷ್ಟು ಗೋಡೆಯ ಕಡೆಗೆ ತಿರುಗಿಸಿಕೊಂಡರು.

"ಬೋಳಿಸೋದು ಬೇಡ, ಏನೂ ಬೇಡ. ಬಾ ಪುಟ್ಟಿ, ಕೂತ್ಕೊ," ಎಂದು ಅಮ್ಮ ಹೊಸಬಳನ್ನು ಇನ್ನೊಂದು ಕುರ್ಚಿಯಲ್ಲಿ ಕೂರಿಸಿದಳು. "ಏ, ಒಳಗಿದ್ದೀಯಾ? ಸೀರಣಿಗೆ, ಎರಡು ಬಿಳಿ ಟವೆಲ್ ತಗೊಂಡು ಬಾ!"

ಬೇರೆ ದಾರಿ ಇರಲಿಲ್ಲ. ಲಾಯರ್ ಪರದೆ ಸರಿಸಿ ಹೊರಗೆ ಬಂದಳು.

ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು. ಈಗ ಹೇಳುತ್ತಾಳೆ, ಎಂದುಕೊಂಡಳು ಲಾಯರ್. ಈಗ ಅವರಪ್ಪನ ಮುಂದೆ, ನನ್ನಮ್ಮನ ಮುಂದೆ ಎಲ್ಲವನ್ನೂ ಹೇಳಿಬಿಡುತ್ತಾಳೆ.

"ಯಾವ ಸ್ಕೂಲಮ್ಮ ನೀನು? ಇವಳದ್ದೇನಾ?" ಎಂದು ಅಮ್ಮ ಕೇಳಿದಳು.

"ಹೌದು ಆಂಟಿ. ಒಂದೇ ಕ್ಲಾಸು," ಎಂದಳು ಹೊಸಬಳು. ಮತ್ತೇನೂ ಹೇಳಲಿಲ್ಲ. ಕಣ್ಣು ಕೆಳಗೆ ಹಾಕಿ ತನ್ನ ಬೆರಳುಗಳನ್ನು ನೋಡತೊಡಗಿದಳು.

ಅಮ್ಮ ಜಡೆ ಬಿಚ್ಚಿ, ಕೂದಲನ್ನು ಪಾಲು ಪಾಲು ಮಾಡಿ ಕ್ಲಿಪ್ಪು ಹಾಕಿದಳು. ದೀಪ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು.

"ಇಲ್ನೋಡಿ ಸರ್, ಇವು ಸೀರು. ಹೇನಿನ ಮೊಟ್ಟೆ. ಹೇನು ಯಾವಾಗ್ಲೂ ಬುಡದಲ್ಲೇ ಮೊಟ್ಟೆ ಇಡೋದು. ಆಮೇಲೆ ಕೂದಲು ಬೆಳೆದ ಹಾಗೆ ಸೀರು ಕೆಳಕ್ಕೆ ಹೋಗುತ್ತೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಬೆರಳಗಲ ಅಂತಿಟ್ಕೊಳ್ಳಿ. ನಿಮ್ಮ ಮಗಳದ್ದು ನೋಡಿ, ಎಲ್ಲ ಬುಡದಲ್ಲೇ ಇದೆ. ಅಂದ್ರೆ ಇದು ಎರಡು ವಾರದ ಕತೆ ಅಷ್ಟೇ. ಇಲ್ಲಿಗೆ ಬಂದ್ಮೇಲೆ ಯಾರೋ ಕೊಟ್ಟಿದ್ದಾರೆ."

ಟವೆಲ್ ಹಿಡಿದು ನಿಂತಿದ್ದ ಲಾಯರಿಗೆ ಬಚ್ಚಲಿನ ಬೆಳಕು ನೆನಪಾಯಿತು. ಎರಡು ಬೆರಳಗಲ. ತಿಂಗಳಿಗೆ ಒಂದರ ಹಾಗೆ, ಎರಡು ತಿಂಗಳು. ಹೊಸಬಳು ಶಾಲೆಗೆ ಸೇರಿದ್ದು ಒಂದು ತಿಂಗಳ ಹಿಂದೆ.

ಇಷ್ಟು ಸುಲಭದ ಲೆಕ್ಕ ಅವಳಿಗೆ ಎಂದೂ ಇಷ್ಟು ಕಷ್ಟವಾಗಿರಲಿಲ್ಲ. ಇನ್ನೊಂದು ಸಲ ಮಾಡಿದಳು. ಉತ್ತರ ಅದೇ ಬಂತು.

"ಯಾರು ಕೊಟ್ರೋ, ಯಾರು ತಗೊಂಡ್ರೋ," ಎಂದು ದಂತವೈದ್ಯೆ ಗೋಡೆಗೆ ಹೇಳಿದರು. "ನಾಲ್ಕು ಜನ ಬರೋ ಜಾಗಕ್ಕೆ ಇಂಥದ್ದನ್ನೆಲ್ಲ ಕರ್ಕೊಂಡು ಬರ್ತಾರಲ್ಲ, ಅದನ್ನ ಹೇಳ್ಬೇಕು. ಕೆಲವರ ಮನೇಲಿ ಶುಚಿ ಅನ್ನೋ ಶಬ್ದವೇ ಗೊತ್ತಿರಲ್ಲ."

ಹೊಸಬಳ ಅಪ್ಪ ತಮ್ಮ ಬೂಟುಗಳನ್ನು ನೋಡಿಕೊಂಡರು. ಒರೆಸಿ ಹೊಳೆಯುತ್ತಿದ್ದ ಬೂಟುಗಳು.  ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡರು.

ಲಾಯರಿಗೆ ಆ ದನಿ ಗುರುತು ಸಿಕ್ಕಿತು. ದಂತವೈದ್ಯೆಯದ್ದಲ್ಲ, ಆ ದನಿಯ ಒಳಗಿನ ಆ ಕೊಂಕು. ಮೆಟ್ಟಿಲ ಕೆಳಗೆ ಅದನ್ನು ಕೇಳಿದ್ದಳು. ಆಗ ಅದು ಅವಳ ಬಾಯಿಂದಲೇ ಬಂದಿತ್ತು.

"ಹೇನಿಗೆ ಶುಚಿ ತಲೆ, ಕೊಳಕು ತಲೆ ಅಂತ ಭೇದ ಇಲ್ಲ ಮೇಡಂ," ಎಂದು ಅಮ್ಮ ಶಾಂತವಾಗಿಯೇ ಹೇಳಿದಳು. "ರಕ್ತ ಇದ್ರೆ ಸಾಕು ಅದಕ್ಕೆ."

"ಸುಮ್ನಿರಿ. ನಿಮ್ಮ ಮಗಳಿಗೆ ಆಗಿದ್ರೆ ಹೀಗೆ ಹೇಳ್ತಿದ್ರಾ?"

"ನನ್ನ ಮಗಳ ತಲೆ..." ಎಂದು ಅಮ್ಮ ಶುರು ಮಾಡಿದಳು.

"ನನಗೂ ಇದೆ," ಎಂದಳು ಲಾಯರ್.

ಅಮ್ಮ ಗಕ್ಕನೆ ತಿರುಗಿದಳು.

"ಏನಂದೆ?"

"ನನಗೂ ಇದೆ ಅಮ್ಮ. ಬುಧವಾರಾನೇ ನೋಡ್ದೆ. ಎರಡು ಬೆರಳಗಲ ಕೆಳಗಿನವರೆಗೂ ಇದೆ."

ಅಮ್ಮ ಸೀರಣಿಗೆ ಕೆಳಗಿಟ್ಟು ಬಂದು, ಮಗಳ ಜಡೆಯನ್ನು ಎತ್ತಿ ನೋಡಿದಳು. ಅವಳ ಮುಖ ಮೊದಲು ಬಿಳಿಯಾಯಿತು, ಆಮೇಲೆ ಕೆಂಪಾಯಿತು.  ಕಡೆಗೆ ಹೊಸಬಳ ಅಪ್ಪನ ಕಡೆ ತಿರುಗಿದಳು.

"ಸರ್, ಯಾರೋ ಕೊಟ್ಟಿದ್ದಾರೆ ಅಂದ್ನಲ್ಲ. ನನ್ನ ಮಗಳೇ."

"ದೇವ್ರೇ!" ಎಂದರು ದಂತವೈದ್ಯೆ. "ನನ್ನ ತಲೆ ತೊಳೀರಿ. ಈಗಿಂದೀಗ್ಲೇ!"

"ಇನ್ನೂ ಹತ್ತು ನಿಮಿಷ ಇದೆ ಮೇಡಂ. ಈಗ ತೊಳೆದ್ರೆ ಪಟ್ಟೆಪಟ್ಟೆ ಆಗುತ್ತೆ."

ದಂತವೈದ್ಯೆ ಆ ಹತ್ತು ನಿಮಿಷವನ್ನು ಗಡಿಯಾರದ ಮುಳ್ಳನ್ನೇ ದುರುಗುಟ್ಟಿ ನೋಡುತ್ತ ಕಳೆದರು. ತಲೆ ತೊಳೆಸಿಕೊಂಡು, ಒದ್ದೆ ಕೂದಲಲ್ಲೇ ಹೊರಟರು. ಮುಂದಿನ ತಿಂಗಳ ದಿನಕ್ಕೆ ಹೆಸರು ಬರೆಸಲಿಲ್ಲ. ಬಾಗಿಲ ಗಂಟೆ ಅವರ ಹಿಂದೆ ಬಹಳ ಹೊತ್ತು ಅಲ್ಲಾಡುತ್ತಿತ್ತು.

ಹೊಸಬಳ ಅಪ್ಪ ಮಾತ್ರ ಒಂದು ದೊಡ್ಡ ಉಸಿರು ಬಿಟ್ಟು, ಚೀಲ ಕೆಳಗಿಟ್ಟು ಬೆಂಚಿನ ಮೇಲೆ ಕೂತರು. "ಹೇಗೆ ಬಾಚೋದು ಅಂತ ನನಗೂ ತೋರಿಸ್ಕೊಡ್ತೀರಾ ಮೇಡಂ?" ಎಂದು ಕೇಳಿದರು.

ಮಧ್ಯಾಹ್ನದವರೆಗೆ ಎರಡು ಕುರ್ಚಿಯಲ್ಲಿ ಇಬ್ಬರು ಹುಡುಗಿಯರು ಕೂತರು. ಅಮ್ಮ ಒಂದು ತಲೆ, ಅಪ್ಪ ಒಂದು ತಲೆ. ಎಣ್ಣೆ ಹಚ್ಚುವುದು, ಪಾಲು ಮಾಡುವುದು, ಬುಡದಿಂದ ಎಳೆಯುವುದು, ಟವೆಲ್ಲಿಗೆ ಒರೆಸುವುದು, ಮತ್ತೆ ಬುಡದಿಂದ ಎಳೆಯುವುದು. ಲಿಫ್ಟ್ ರಿಪೇರಿಯವರು ಒಂದೊಂದು ಎಳೆಯನ್ನೂ ತಂತಿ ಹಿಡಿದ ಹಾಗೆ ಹಿಡಿಯುತ್ತಿದ್ದರು. ಕನ್ನಡಿಯಲ್ಲಿ ಹೊಸಬಳು ಒಮ್ಮೆಯೂ ಲಾಯರಿನ ಕಡೆ ನೋಡಲಿಲ್ಲ.

ಅವರು ಹೋದ ಮೇಲೆ ಅಮ್ಮ ಬಾಚಣಿಗೆಗಳನ್ನೆಲ್ಲ ಪಾತ್ರೆಗೆ ಹಾಕಿ ಕುದಿಸಲು ಇಟ್ಟಳು.

"ಊರಿನೋರ ತಲೆಯೆಲ್ಲ ನೋಡ್ತೀನಿ. ಮನೇಲಿರೋ ಒಂದು ತಲೆ ನೋಡ್ಲಿಲ್ಲ," ಎಂದಳು. ಆಮೇಲೆ, "ಬುಧವಾರಾನೇ ಗೊತ್ತಾಗಿದ್ರೂ ಯಾಕೆ ಮುಚ್ಚಿಟ್ಟೆ?"

"ಗಿರಾಕಿಗಳು ಬರೋದು ನಿಲ್ಲಿಸ್ತಾರೆ ಅಂತ..."

"ಸುಳ್ಳು. ಗಿರಾಕಿ ಮುಂದೇನೇ ತಾನೇ ನೀನು ಬಾಯಿ ಬಿಟ್ಟಿದ್ದು?"

 ಪಾತ್ರೆಯಲ್ಲಿ ಬಾಚಣಿಗೆಗಳು ಕಟಕಟ ಎನ್ನುತ್ತಿದ್ದವು.

"ನನ್ನ ನೋಡಿನೂ ದೂರ ಓಡ್ತಾರೆ ಅಂತ," ಎಂದಳು ಲಾಯರ್. "ಅವಳ್ನ ನೋಡಿ ಓಡ್ತಾರಲ್ಲ, ಹಾಗೆ."

"ಅವಳ್ನ ನೋಡಿ ಓಡೋರಲ್ಲಿ ನೀನೂ ಇದ್ಯಾ?"

ಲಾಯರ್ ನೆಲ ನೋಡಿದಳು.  ಅಮ್ಮ ಬೆಂಕಿ ಸಣ್ಣ ಮಾಡಿದಳು.

*

ಸೋಮವಾರ ಲಾಯರ್ ಎಲ್ಲರಿಗಿಂತ ಮೊದಲೇ ಶಾಲೆಗೆ ಹೋದಳು. ಬಾಗಿಲ ಹಿಂದಿದ್ದ ಹಾಳೆಯನ್ನು ಕಿತ್ತು, ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದಳು. ಮೈಕು, ಗುಬ್ಬಿ ಮತ್ತು ಉಳಿದವರು ಬರುವುದನ್ನೇ ಕಾದು ನಿಂತಳು.

"ಒಂದು ವಿಷ್ಯ ಹೇಳ್ಬೇಕು," ಎಂದಳು.

"ಯಾವ ಪುಟದ ತಪ್ಪು?" ಎಂದು ಮೈಕು ನಕ್ಕ.

"ಹೇನು ಹೊಸಬಳಿಂದ ಬಂದಿದ್ದಲ್ಲ. ನನ್ನಿಂದ. ನನ್ನ ತಲೇಲಿ ಎರಡು ತಿಂಗಳಿಂದ ಇತ್ತು. ಅವಳಿಗೆ ನಾನೇ ಕೊಟ್ಟಿದ್ದು. ನಿಮಗೂ ಕೊಟ್ಟಿರಬಹುದು. ತಲೆ ನೋಡಿಸ್ಕೊಳ್ಳಿ."

ಗುಬ್ಬಿಯ ಕೈ ತನ್ನಷ್ಟಕ್ಕೆ ತಾನೇ ತಲೆಗೆ ಹೋಯಿತು. ಮೈಕು ಒಂದು ಕ್ಷಣ ಬಾಯಿ ತೆರೆದುಕೊಂಡು ನಿಂತ. ಆಮೇಲೆ ಎದೆಯ ಮೇಲೆ ಕೈ ಕತ್ತರಿ ಹಾಕಿ ಎರಡು ಹೆಜ್ಜೆ ಹಿಂದೆ ಹಾರಿದ.

"ಕವಚ! ಲಾಯರಮ್ಮನೇ ರಾಣಿ ಕಣ್ರೋ! ಜಿಗಟರ ರಾಣಿ!"

ನಗು ಎದ್ದಿತು. ಅದು ಕಾಲಿನಿಂದ ಹತ್ತಿ ಕಿವಿಯವರೆಗೂ ಸುಡುವಂಥ ನಗು. ಹೊರಗೆ ನಿಂತು ನಗುವಾಗ ಅದು ಇಷ್ಟು ಜೋರಾಗಿ ಕೇಳಿಸುವುದಿಲ್ಲ. ಮೈಕುವಿಗೆ ಕೊಡಬಹುದಾದ ನಾಲ್ಕೈದು ಖಾರದ ಉತ್ತರಗಳು ನಾಲಿಗೆಯ ತುದಿಗೆ ಬಂದವು. ಲಾಯರ್ ಒಂದನ್ನೂ ಆಡಲಿಲ್ಲ.

ಅವಳು ಬ್ಯಾಗು ಎತ್ತಿಕೊಂಡು ಹೊಸಬಳ ಬೆಂಚಿನ ಹತ್ತಿರ ಹೋದಳು. ಹೊಸಬಳು ಬಂದು ಕೂತಿದ್ದಳು. ಅವಳ ಜಡೆ ಇನ್ನೂ ಸೊಂಟದವರೆಗಿತ್ತು. ಅದನ್ನು ಹೆಣೆದವರಿಗೆ ಜಡೆ ಹೆಣೆದು ಅಭ್ಯಾಸವಿಲ್ಲ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಬಿಗಿದು, ತುದಿಯಲ್ಲಿ ಮೂರು ಗಂಟು.

"ನಾನು ಅವರಿಗೆ ಹೇಳ್ದೆ, ನನ್ನಿಂದಾನೇ ಅಂತ," ಎಂದಳು ಲಾಯರ್.

"ಕೇಳಿಸ್ತು."

"ಶನಿವಾರದವರೆಗೂ ನನಗೆ ಗೊತ್ತಿರ್ಲಿಲ್ಲ. ನಿಜವಾಗ್ಲೂ. ನಿನ್ನಿಂದ ಬಂದಿದ್ದು ಅಂದ್ಕೊಂಡಿದ್ದೆ."

"ನನಗೆ ಗೊತ್ತಿತ್ತು."

"ಏನು?"

ಹೊಸಬಳು ನೋಟ್‌ಬುಕ್ಕಿನಲ್ಲಿ ತಾರೀಕು ಬರೆಯುತ್ತಲೇ ಹೇಳಿದಳು. "ನಾನು ಸೇರಿದ ಮೊದಲನೇ ವಾರ. ನೀನು ಲೆಕ್ಕ ಮಾಡ್ತಿದ್ದೆ. ನಿನ್ನ ಜಡೆ ಮೇಲೆ ಒಂದು ಹೇನು ಹರೀತಿತ್ತು. ನಾನು ಪೆನ್ಸಿಲ್ ತುದೀಲಿ ಎತ್ತಿ ಕಿಟಕಿಯಾಚೆ ಹಾಕ್ದೆ. ನಿನಗೆ ಗೊತ್ತೇ ಆಗ್ಲಿಲ್ಲ."

ಲಾಯರ್ ಬೆಂಚಿನ ಮೇಲೆ ಬಗ್ಗಿದಳು.

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ? ಮೆಟ್ಟಿಲ ಹತ್ರ? ಎಲ್ಲರೂ ಇದ್ರು. 'ಮೊದಲು ನಿನ್ನ ತಲೆ ನೋಡ್ಕೊ' ಅಂದಿದ್ರೆ ಮುಗೀತಿತ್ತು. ನೀನು ಗೆದ್ದುಬಿಡ್ತಿದ್ದೆ!"

ಹೊಸಬಳು ಪೆನ್ನು ಕೆಳಗಿಟ್ಟು, ಅಂದು ಮೊದಲ ಸಲ ಲಾಯರಿನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಪ್ರಶ್ನೆಯೇ ಅರ್ಥವಾಗದವರ ಹಾಗೆ ನೋಡಿದಳು.

"ಗೆದ್ದು?" ಎಂದು ಕೇಳಿದಳು.

ಲಾಯರ್ ಆ ದಿನವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಲೆಕ್ಕ ಹಾಕಿದಳು.  ಗೆದ್ದಿದ್ದರೆ ಆಗ ಎಲ್ಲರೂ ಹೊಸಬಳನ್ನು ಬಿಟ್ಟು ಲಾಯರಿನ ಕಡೆ ತಿರುಗುತ್ತಿದ್ದರು. ಎದೆಯ ಮೇಲೆ ಕೈ ಕತ್ತರಿ ಹಾಕುತ್ತಿದ್ದರು. ನಲ್ಲಿಯ ಕಡೆ ಓಡುತ್ತಿದ್ದರು. ನಿಯಮದ ಹಾಳೆಯನ್ನು ಇನ್ನಾರೋ ಬರೆಯುತ್ತಿದ್ದರು. ಇದೆಲ್ಲ ಹೊಸಬಳಿಗೆ ಅಂದೇ, ಕಿವಿಯ ಹಿಂದೆ ಕೈ ಇಟ್ಟುಕೊಂಡಿದ್ದ ಆ ಒಂದು ಕ್ಷಣದಲ್ಲೇ ಗೊತ್ತಿತ್ತು.



ಟೀಚರ್ ಬರುವ ಸಪ್ಪಳ ಕೇಳಿಸಿತು. ಎಲ್ಲರೂ ದಡಬಡ ಓಡಿ ಕೂತರು. ಲಾಯರ್ ಬ್ಯಾಗನ್ನು ಎದೆಗವಚಿಕೊಂಡು ಇನ್ನೂ ನಿಂತೇ ಇದ್ದಳು. ಹೊಸಬಳು ಸರಿದು ಜಾಗ ಬಿಡಲಿಲ್ಲ. ಕೂರಬೇಡ ಎಂದೂ ಅನ್ನಲಿಲ್ಲ. ಬೆಂಚಿನ ತುದಿಯಲ್ಲಿ ಒಂದು ಗೇಣು ಜಾಗ ಉಳಿದಿತ್ತು.

ಲಾಯರ್ ಆ ಒಂದು ಗೇಣಿನಲ್ಲಿ, ಅರ್ಧ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ ಕೂತಳು. ಹಿಂದಿನಿಂದ ಮೈಕು ಪಿಸುಮಾತಿನಲ್ಲಿ "ಕವಚ!" ಎಂದದ್ದು ಇಡೀ ಕ್ಲಾಸಿಗೆ ಕೇಳಿಸಿತು.

ಇಬ್ಬರೂ ತಿರುಗಿ ನೋಡಲಿಲ್ಲ.